ಪ್ರಾಸ್ಟೇಟ್ ಜಾಗೃತಿ ಓಟ: ಏರ್ಪಡಿಸುವುದು ಹೇಗೆ?

ಓಟಕ್ಕೆ ಜನ ಸೇರಿಸಬಹುದು, ಟಿ-ಶರ್ಟ್ ಹಂಚಬಹುದು. ಆದರೆ ಮೂತ್ರದ ತೊಂದರೆಯನ್ನು ಹೆಂಡತಿಗೂ ಹೇಳದ ಗಂಡಸರ ಬಾಯಿ ಬಿಡಿಸಬೇಕಲ್ಲ, ನಿಜವಾದ ಕೆಲಸ ಇರುವುದು ಅಲ್ಲಿ.

ಮೊದಲು ತಿಂಗಳು ಗೊತ್ತುಮಾಡಿ. ಸೆಪ್ಟೆಂಬರ್ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರ್ ಜಾಗೃತಿಯ ತಿಂಗಳು, ತಿಳಿನೀಲಿ ರಿಬ್ಬನ್ ಅದರ ಗುರುತು. 2003ರಲ್ಲಿ ಮೆಲ್ಬರ್ನ್‌ನ 30 ಮಂದಿ ಮೀಸೆ ಬಿಟ್ಟು ಶುರುಮಾಡಿದ 'ಮೊವೆಂಬರ್' ಎಂಬ ಗಂಡಸರ ಆರೋಗ್ಯದ ಅಭಿಯಾನ ಬರುವುದು ನವೆಂಬರ್‌ನಲ್ಲಿ. ಅದರಲ್ಲಿ ವೃಷಣದ ಕ್ಯಾನ್ಸರ್, ಮಾನಸಿಕ ಆರೋಗ್ಯವೂ ಸೇರಿರುವುದರಿಂದ ಒಂದೇ ವಿಷಯ ಒತ್ತಿ ಹೇಳುವುದಾದರೆ ಸೆಪ್ಟೆಂಬರೇ ವಾಸಿ.

ದೇಣಿಗೆ ಯಾರಿಗೆ, ಯಾವ ಕೆಲಸಕ್ಕೆ ಎಂಬುದನ್ನು ಪೋಸ್ಟರ್‌ನಲ್ಲೇ ಅಚ್ಚು ಹಾಕಿಸಿ. ಖರ್ಚೆಲ್ಲ ಪ್ರಾಯೋಜಕರಿಂದ ಹುಟ್ಟಿದರೆ ಪ್ರವೇಶ ಶುಲ್ಕ ಪೂರ್ತಿ ದೇಣಿಗೆಗೆ ಉಳಿಯುತ್ತದೆ.

ದಾರಿ ಆರಿಸುವಾಗ ಶೌಚಾಲಯ ಎಣಿಸಿ. ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಆದವರಲ್ಲಿ ಹಲವರಿಗೆ ಮೂತ್ರ ತಡೆಯಲಾಗುವುದಿಲ್ಲ. ಕೆಲವರು ಪ್ಯಾಡ್ ಹಾಕಿಕೊಂಡೇ ಬರುತ್ತಾರೆ. ಗಂಡಸರ ಶೌಚಾಲಯದೊಳಗೆ ಮುಚ್ಚಳದ ಕಸದ ಡಬ್ಬಿ ಇಡಿಸಿ. ಇಲ್ಲದಿದ್ದರೆ ಒದ್ದೆ ಪ್ಯಾಡನ್ನು ಚೀಲದಲ್ಲಿಟ್ಟುಕೊಂಡು ಓಡಬೇಕಾದೀತು.

ಕರಪತ್ರ ಚಿಕ್ಕದಿರಲಿ. ಪ್ರಾಸ್ಟೇಟ್ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಗ್ರಂಥಿ. ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ರಾತ್ರಿ ಪದೇಪದೇ ಏಳಬೇಕಾಗುವುದಕ್ಕೆ ಹೆಚ್ಚಾಗಿ ಕಾರಣ ವಯಸ್ಸಿನೊಂದಿಗೆ ಗ್ರಂಥಿ ದಪ್ಪಗಾಗುವುದು, ಅದು ಕ್ಯಾನ್ಸರ್ ಅಲ್ಲ. ಹಾಗೆಂದು ವೈದ್ಯರಿಗೆ ತೋರಿಸದೆ ಬಿಡುವಂತಿಲ್ಲ. 50 ದಾಟಿದವರು, ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಇನ್ನೂ ಮುಂಚೆಯೇ, ವೈದ್ಯರೊಡನೆ ಮಾತಾಡಬೇಕು. ಇಷ್ಟು ಸಾಕು.

ಆಯೋಜಕರು ಎಡವುವುದು ರಕ್ತಪರೀಕ್ಷೆಯ ಮಳಿಗೆಯಲ್ಲಿ. ಗುರಿ ಮುಟ್ಟಿದ ಕೂಡಲೇ ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ, ರಕ್ತದಲ್ಲಿ ಅಳೆಯುವ ಪ್ರೋಟೀನು) ಪರೀಕ್ಷೆಗೆ ರಕ್ತ ಕೊಡಿ ಎನ್ನುವುದು ಕೇಳಲು ಚೆಂದ, ಮಾಡಲು ತಪ್ಪು. ಪರೀಕ್ಷೆಗೆ ಹಿಂದಿನ 48 ಗಂಟೆ ಕಠಿಣ ವ್ಯಾಯಾಮ, ಅದರಲ್ಲೂ ಸೈಕಲ್ ಸವಾರಿ, ಬೇಡವೆಂಬುದು ಬ್ರಿಟನ್ನಿನ ಆರೋಗ್ಯ ಸೇವೆಯ ಸಲಹೆ, ಅಂಕಿ ಏರಿಬಿಡಬಹುದು. ಸೋಂಕಿದ್ದರೂ, ಗ್ರಂಥಿ ದಪ್ಪಗಾಗಿದ್ದರೂ ಏರುತ್ತದೆ. ಹೆಚ್ಚಿನ ಪಿಎಸ್‌ಎ ಅಂದರೆ ಕ್ಯಾನ್ಸರ್ ಎಂದಲ್ಲ, ಕಡಿಮೆ ಇದ್ದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆಯೂ ಇಲ್ಲ. ಎಂದೂ ಜೀವಕ್ಕೆ ಎರವಾಗದ, ನಿಧಾನವಾಗಿ ಬೆಳೆಯುವ ಗಡ್ಡೆ ಪತ್ತೆಯಾಗಿ ಬೇಡದ ಚಿಕಿತ್ಸೆಗೆ ಸಿಕ್ಕಿಹಾಕಿಕೊಳ್ಳುವ ಅಪಾಯವೂ ಇದೆ. ಅಂಕಿಯ ಚೀಟಿ ಕೈಗಿಟ್ಟು ಕಳಿಸಿದರೆ ಆ ಮನುಷ್ಯ ಯಾರನ್ನು ಕೇಳಬೇಕು? ಆ ಮಳಿಗೆಯ ದುಡ್ಡಿನಲ್ಲಿ ಮೂತ್ರರೋಗ ತಜ್ಞರೊಬ್ಬರನ್ನು ಕರೆಸಿ ಕೂರಿಸಿ.

ಅವರೆದುರು ಮೈಕ್ ಹಿಡಿದು ಯಾರೂ ಪ್ರಶ್ನೆ ಕೇಳುವುದಿಲ್ಲ. ಓಟದ ನಂಬರಿನ ಜೊತೆಗೇ ಹೆಸರು ಬರೆಯಬೇಕಿಲ್ಲದ ಒಂದು ಚೀಟಿ, ಮೋಟು ಪೆನ್ಸಿಲ್ ಕೊಡಿ; ತಿಂಡಿಯ ಸಾಲಿನ ಬಳಿ ಡಬ್ಬವಿಡಿ. "ಆಪರೇಷನ್ ಆದಮೇಲೆ ಸಂಸಾರ ಮಾಡಬಹುದಾ?" ಎಂಬಂಥ ಪ್ರಶ್ನೆ ಬರುವುದು ಆಗಲೇ. ಚಿಕಿತ್ಸೆ ಮುಗಿಸಿದ ಒಬ್ಬರು ವೈದ್ಯರ ಪಕ್ಕದಲ್ಲಿ ಕೂತು ತಮ್ಮ ಅನುಭವದಿಂದಲೂ ಉತ್ತರಿಸಿದರೆ ಇನ್ನೂ ಒಳ್ಳೆಯದು. ಸಮಯ ಸಾಲದೆ ಉಳಿದ ಚೀಟಿಗಳಿಗೆ ವೈದ್ಯರಿಂದ ಉತ್ತರ ಬರೆಸಿ, ದೇಣಿಗೆಯ ಲೆಕ್ಕದ ಜೊತೆ ಎಲ್ಲರಿಗೂ ವಾಟ್ಸ್ಆ್ಯಪ್ ಮಾಡಿ.