ಮುಟ್ಟದೆ ಹಿಡಿಯದೆ ಬಂಡೆ ಓತಿಗಳ ಗಡಿ ಗುರುತಿಸಿದ್ದು: ನನ್ನ ಅನುಭವ

ಬಂಡೆಗಳ ಮೇಲೆ ಬದುಕುವ ಓತಿಕ್ಯಾತವನ್ನು ಹಿಡಿಯದೆ ಅದರ ಗಡಿ, ಅಂದರೆ ಒಂದೊಂದು ಗಂಡು ತನ್ನದೆಂದು ಕಾಯುವ ಜಾಗದ ಅಂಚು, ಗುರುತಿಸುವುದು ಆಗದ ಕೆಲಸ ಅಂತ ಜೊತೆಯವರು ಹೇಳುತ್ತಲೇ ಇದ್ದರು. ಆಯ್ತು ನೋಡಿ. ಕೋಲಾರದ ಅಂತರಗಂಗೆ ಬೆಟ್ಟದ ಒಂದು ಇಳಿಜಾರಿನಲ್ಲಿ ಏಳೆಂಟು ಗಂಡುಗಳ ಜಾಗ ಈಗ ನನ್ನ ಹಾಳೆಯ ಮೇಲಿದೆ.

ಮೊದಲು ಫೋನಿನ ಜಿಪಿಎಸ್. ದೊಡ್ಡ ಬಂಡೆಗಳ ನಡುವೆ ಅದು 5-10 ಮೀಟರ್ ಆಚೀಚೆ ತೋರಿಸುತ್ತದೆ. ಅಲ್ಲಾಡದೆ ಕೂತ ಗಂಡು ನಕ್ಷೆಯಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತಿತ್ತು. ಆಮೇಲೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಲೆನ್ಸ್‌ಗೆ ಸುಮಾರು 18,000 ರೂಪಾಯಿ ಸುರಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಒಳಗೆಲ್ಲ ಫಂಗಸ್, ಕ್ಲೀನ್ ಮಾಡಿಸಲು ಮತ್ತೆ ಎರಡೂವರೆ ಸಾವಿರ.

ಕೊನೆಗೆ ಕೈ ಹಿಡಿದದ್ದು 300 ರೂಪಾಯಿಯೂ ಆಗದ ದಾರಿ. ಎದುರು ಬಂಡೆಯಿಂದ ಇಡೀ ಇಳಿಜಾರಿನ ಫೋಟೊ ತೆಗೆದು, ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಮೇಲೆ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಅಂಟಿಸಿ, ಗಂಡು ಕೂತಲ್ಲೆಲ್ಲ ಮಾರ್ಕರ್‌ನಿಂದ ಚುಕ್ಕೆ ಇಟ್ಟೆ. ಬಿರುಕು, ನೀರಿಳಿದ ಕಲೆ ಎಲ್ಲ ಫೋಟೊದಲ್ಲೇ ಇರುವುದರಿಂದ ಜಾಗ ಒಂದು ಗೇಣೂ ತಪ್ಪುವುದಿಲ್ಲ. ದಿನಕ್ಕೊಂದು ಶೀಟ್. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಗಡಿ ತಾನೇ ಎದ್ದು ಕಾಣುತ್ತದೆ.

ಯಾವ ಗಂಡು ಯಾವುದು ಅಂತ ತಿಳಿಯಲು ಬಣ್ಣ ನಂಬಬೇಡಿ. ಹೆಣ್ಣಿನ ಮುಂದೆ ಬೆನ್ನು ಕೆಂಪು, ಪಕ್ಕೆ ಕಪ್ಪು. ಇನ್ನೊಂದು ಗಂಡು ಎದುರಾದರೆ ನೋಡುತ್ತಿದ್ದ ಹಾಗೇ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ನಾನು ನೋಡಿದ್ದು ತುಂಡಾದ ಬಾಲ, ಇಲ್ಲದ ಬೆರಳು, ಹಳೆ ಗಾಯ. ಇನ್ನೊಂದು ಗುರುತೂ ಇದೆ, ತಲೆಯ ಪಕ್ಕದಲ್ಲಿ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಸುಮ್ನೆ ಒಂದು ಸಲ ಕನ್ನಡಿಯನ್ನೂ ಇಟ್ಟು ನೋಡಿದೆ. ಗಡಿಯ ಒಳಗೆ ಇಟ್ಟಾಗ ಗಂಡು ತನ್ನ ಬಿಂಬವನ್ನೇ ಇನ್ನೊಂದು ಗಂಡು ಅಂದುಕೊಂಡು ತಲೆ ಕುಣಿಸುತ್ತಾ, ದಂಡ ಹೊಡೆಯುತ್ತಾ ನೇರ ಇಳಿದು ಬಂತು. ಅದೇ ಕನ್ನಡಿ ಗಡಿಯಾಚೆ ಇದ್ದಾಗ ಮೇಲಿಂದಲೇ ನೋಡಿ ಸುಮ್ಮನಾಯಿತು. ಹಾಳೆಯ ಗೆರೆ ಸರಿ ಇದೆ ಅನ್ನಲು ನನಗೆ ಅಷ್ಟು ಸಾಕಿತ್ತು. ಕನ್ನಡಿ ಜಾಸ್ತಿ ಹೊತ್ತು ಬಿಡಬೇಡಿ, ಪಾಪ, ಗಂಡು ತನ್ನ ಹೆಣ್ಣುಗಳನ್ನೂ ತಿನ್ನುವ ಇರುವೆಗಳನ್ನೂ ಬಿಟ್ಟು ಅಲ್ಲೇ ನಿಲ್ಲುತ್ತದೆ.

ಹೆಣ್ಣುಗಳ ಲೆಕ್ಕ ಇನ್ನೂ ಬಾಕಿ. ಕಂದು ಮೈ, ಬಂಡೆಗೆ ಅಂಟಿದ್ದರೆ ಕಣ್ಣಿಗೇ ಬೀಳುವುದಿಲ್ಲ, ಅಲ್ವಾ? ಆದರೂ ಎತ್ತರದ ಬಂಡೆ ಹಿಡಿದ ಗಂಡಿನ ಗೆರೆಯೊಳಗೆ ಮೂರ್ನಾಲ್ಕು ಹೆಣ್ಣು ಸಿಕ್ಕಿವೆ, ಕೆಳಗಿನದಕ್ಕೆ ಒಂದೋ ಎರಡೋ. ಬರುವ ಬೇಸಿಗೆಗೆ ಹೆಣ್ಣುಗಳಿಗೇ ಬೇರೆ ಬಣ್ಣದ ಮಾರ್ಕರ್, ಬೇರೆ ಶೀಟ್.