‘ಗ್ಯಾಸ್ ಖಾಲಿ ಆಗಿದೆ’ ಅಂದರೆ ದುಡ್ಡು ಕೊಡುವ ಮೊದಲು

ಕಾರವಾರದ ನಮ್ಮ ಮನೆಯ ಎಸಿಗೆ ಸತತ ಮೂರು ಬೇಸಿಗೆ ಗ್ಯಾಸ್ ಹಾಕಿಸಿದೆ. ಮಾರ್ಚ್ ಬಂತೆಂದರೆ ಗಾಳಿ ಬರುತ್ತಿತ್ತು, ತಂಪು ಬರುತ್ತಿರಲಿಲ್ಲ. ಮೆಕ್ಯಾನಿಕ್ ಬಂದು ಸಿಲಿಂಡರ್ ಜೋಡಿಸಿ, ಅರ್ಧ ಗಂಟೆಯಲ್ಲಿ ‘ಆಯ್ತು ಸರ್, ಗ್ಯಾಸ್ ಖಾಲಿ ಆಗಿತ್ತು’ ಅಂತ ದುಡ್ಡು ತೆಗೆದುಕೊಂಡು ಹೋಗುತ್ತಿದ್ದ. ನಾಲ್ಕನೇ ವರ್ಷ ಬೇರೆ ಹುಡುಗ ಬಂದ. ಸಿಲಿಂಡರ್ ಕೆಳಗಿಟ್ಟು ಕೇಳಿದ: ‘ಸರ್, ನಿಮ್ಮ ಫ್ರಿಜ್‌ಗೂ ವರ್ಷಾ ವರ್ಷಾ ಗ್ಯಾಸ್ ಹಾಕಿಸ್ತೀರಾ?’

ಇಲ್ಲ ಅಂದೆ. ‘ಮತ್ತೆ ಇದಕ್ಯಾಕೆ?’

ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವ ವಸ್ತುವಲ್ಲ. ಒಳಗಿನ ಸೆಕೆ ಹೊತ್ತು ಹೊರಗೆ ಬಿಟ್ಟು, ಅದೇ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ, ಅಷ್ಟೇ.

ಮೊದಲು ಪಟ್ಟಿ ಓದಿ

ಹೊರಗಿನ ಯೂನಿಟ್‌ನ ಪಕ್ಕಕ್ಕೆ ಅಂಟಿಸಿದ ಪಟ್ಟಿಯಲ್ಲಿ ‘ಆರ್’ ಅಕ್ಷರದ ಮುಂದೆ ಒಂದು ಸಂಖ್ಯೆ ಇರುತ್ತದೆ. ಪಕ್ಕದಲ್ಲೇ ಎಷ್ಟು ಗ್ರಾಂ ಗ್ಯಾಸ್ ಅಂತಲೂ ಬರೆದಿರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಕಡೆ ಎರಡು ಮಳೆಗಾಲಕ್ಕೆ ಅಕ್ಷರ ಅಳಿಸಿಹೋಗುತ್ತದೆ.

ಆರ್ 22 ಅಂತಿದ್ದರೆ ನಿಮ್ಮದು ಹಳೇ ಕಾಲದ ಗ್ಯಾಸ್. ಇದು ಓಝೋನ್ ಪದರ ತಿನ್ನುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಜಗತ್ತೇ ಇದನ್ನು ಹಂತಹಂತವಾಗಿ ಕೈಬಿಡುತ್ತಿದೆ. ಭಾರತದಲ್ಲಿ 2025ರ ಜನವರಿ 1ರಿಂದ ಆರ್ 22 ತುಂಬಿದ ಹೊಸ ಎಸಿ ತಯಾರಿಸುವಂತಿಲ್ಲ. 2030ಕ್ಕೆ ಈ ಗ್ಯಾಸಿನ ಬಳಕೆ ಬಹುತೇಕ ನಿಲ್ಲಬೇಕು. ಹಳೇ ಮಷಿನ್‌ಗಳ ರಿಪೇರಿಗೆ ಅಂತ 2040ರವರೆಗೆ ಅಲ್ಪಸ್ವಲ್ಪ ಉಳಿಸಿದ್ದಾರೆ. ಅಂದರೆ ನಿಮ್ಮ ಹಳೇ ಎಸಿ ಮನೆಯಲ್ಲಿರುವುದು ತಪ್ಪಲ್ಲ. ‘ಈ ಗ್ಯಾಸ್ ಬ್ಯಾನ್ ಆಗಿದೆ, ಇವತ್ತೇ ಹೊಸದು ತಗೊಳ್ಳಿ’ ಅಂತ ಹೆದರಿಸುವವರ ಮಾತಿಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಆರ್ 410ಎ ಓಝೋನಿಗೆ ತೊಂದರೆ ಮಾಡುವುದಿಲ್ಲ. ಆದರೆ ಗಾಳಿಗೆ ಸೋರಿದರೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,000 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಈ ಜಾತಿಯ ಗ್ಯಾಸುಗಳನ್ನು ಕಡಿಮೆ ಮಾಡಲು 2016ರಲ್ಲಿ ಅದೇ ಮಾಂಟ್ರಿಯಲ್ ಒಪ್ಪಂದಕ್ಕೆ ಕಿಗಾಲಿ ತಿದ್ದುಪಡಿ ಬಂತು. ಭಾರತದ ಕಡಿತ 2032ರಿಂದ ಶುರು. ಈಗ ಅಂಗಡಿಯಲ್ಲಿ ಜಾಸ್ತಿ ಸಿಗುವುದು ಆರ್ 32, ಅದರ ಲೆಕ್ಕ 675 ಪಟ್ಟು. ಆರ್ 290 ಅಂದರೆ ಪ್ರೊಪೇನ್, ಅದರದ್ದು ಒಂದಂಕಿ ಮಾತ್ರ.

ಸೋರುವುದೆಲ್ಲಿ?

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಫಿಲ್ಟರ್ ತೊಳೆದು ನೋಡಿ. ಎಷ್ಟೋ ಸಲ ಕಾಯಿಲೆ ಅಷ್ಟೇ ಇರುತ್ತದೆ. ತೊಳೆದ ಮೇಲೂ ತಂಪಿಲ್ಲ, ತಾಮ್ರದ ಪೈಪಿನ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ ಅಂದರೆ ಸೋರಿಕೆಯ ಅನುಮಾನ ಪಡಬಹುದು. ಪೈಪು ಯೂನಿಟ್‌ಗೆ ಸೇರುವ ನಟ್ ಹತ್ತಿರ ಟಾರ್ಚ್ ಹಿಡಿಯಿರಿ. ಅಲ್ಲಿ ಎಣ್ಣೆ ಜಿಡ್ಡು ಕಂಡರೆ ಅದೇ ಜಾಗ, ಯಾಕೆಂದರೆ ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಹೊರಬರುತ್ತದೆ. ನಮ್ಮನೆಯಲ್ಲಿ ಆ ಹುಡುಗ ಪಾತ್ರೆ ತೊಳೆಯುವ ಸಾಬೂನಿನ ನೊರೆ ಹಚ್ಚಿದ. ಸಾಸಿವೆಯಷ್ಟು ಗುಳ್ಳೆ, ಒಂದಾದ ಮೇಲೊಂದು ಎದ್ದವು. ಮೂರು ವರ್ಷದ ನನ್ನ ದುಡ್ಡು ಆ ಗುಳ್ಳೆಯಲ್ಲಿ ಹೋಗಿತ್ತು.

ಕರಾವಳಿಯಲ್ಲಿ ಇನ್ನೊಂದು ಶತ್ರು ಇದೆ: ಉಪ್ಪುಗಾಳಿ. ಹೊರಗಿನ ಯೂನಿಟ್‌ನ ಕಾಯಿಲ್, ಅಂದರೆ ಸೆಕೆ ಹೊರಬಿಡುವ ಪೈಪು-ತಗಡಿನ ಜಾಲರಿ, ಅದರಲ್ಲಿ ತಾಮ್ರ, ಅಲ್ಯೂಮಿನಿಯಂ ಎರಡೂ ಅಂಟಿಕೊಂಡಿರುತ್ತವೆ. ಮೇಲೆ ಉಪ್ಪುನೀರಿನ ಪಸೆ ಕೂತರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಮೊದಲು ಬಿಳಿ ಪುಡಿ ಕಾಣುತ್ತದೆ. ಆಮೇಲೆ ಬೆರಳು ತಾಗಿಸಿದರೆ ಹಲಸಿನ ಹಪ್ಪಳದ ಹಾಗೆ ಮುರಿದು ಉದುರುತ್ತದೆ. ಶಿರಸಿಯಲ್ಲಿರುವ ಅಕ್ಕನ ಮನೆಯ ಎಸಿಗೂ ಅಷ್ಟೇ ವಯಸ್ಸು, ಕಾಯಿಲ್ ಇನ್ನೂ ಹೊಳೆಯುತ್ತಿದೆ. ಘಟ್ಟದ ಮೇಲೆ ಉಪ್ಪಿಲ್ಲವಲ್ಲ. ನಾವು ಕೆಳಗಿನವರು ಆಗಾಗ ಸ್ವಿಚ್ ಆಫ್ ಮಾಡಿ, ಬಾವಿ ನೀರಲ್ಲಿ ಮೆಲ್ಲಗೆ ಕಾಯಿಲ್ ತೊಳೆಯಬೇಕು.

ಮೆಕ್ಯಾನಿಕ್ ಹತ್ತಿರ ಪಟ್ಟು ಹಿಡಿಯಬೇಕಾದ್ದು

ಮೊದಲು ಸೋರುವ ಜಾಗ ಹುಡುಕಿ ಮುಚ್ಚಲಿ. ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಅಂತ ನೋಡಲಿ. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಳೆಯಲಿ. ಈ ಕೆಲಸವನ್ನೇ ಜಾಸ್ತಿ ಜನ ತಪ್ಪಿಸುವುದು, ಯಾಕೆಂದರೆ ಹೊತ್ತು ಹಿಡಿಯುತ್ತದೆ. ಕೊನೆಗೆ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು, ಪಟ್ಟಿಯಲ್ಲಿ ಬರೆದಷ್ಟು ಗ್ರಾಂ ಹಾಕಲಿ. ಪೈಪು ಉದ್ದವಿದ್ದರೆ ಮಾತ್ರ ಕಂಪನಿ ಹೇಳಿದಷ್ಟು ಹೆಚ್ಚಿಗೆ.

ಒಂದು ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ‘ಆರ್ 22 ದುಬಾರಿ ಸರ್, ಬೇರೆ ಗ್ಯಾಸ್ ಹಾಕಿ ಅಡ್ಜಸ್ಟ್ ಮಾಡ್ತೀನಿ’ ಅಂದರೆ ಬೇಡ ಅನ್ನಿ. ಆರ್ 32, ಆರ್ 410ಎ ಎರಡರ ಒತ್ತಡವೂ ಆರ್ 22ಕ್ಕಿಂತ ಸುಮಾರು ಒಂದೂವರೆ ಪಟ್ಟು. ಹಳೇ ಮಷಿನ್ ಅದಕ್ಕೆ ಮಾಡಿದ್ದಲ್ಲ, ಒಳಗಿನ ಎಣ್ಣೆಯೂ ಹೊಂದುವುದಿಲ್ಲ. ಪ್ರೊಪೇನ್ ಅಂತೂ ಅಡುಗೆ ಗ್ಯಾಸಿನ ಸಂಬಂಧಿ. ಅದಕ್ಕೆಂದೇ ಮಾಡಿದ ಮಷಿನ್‌ನಲ್ಲಿ ಸರಿ, ಹಳೇ ಮಷಿನ್‌ಗೆ ತುಂಬಿದರೆ ಬೆಂಕಿಯ ಅಪಾಯ. ಆರ್ 32 ಕೂಡ ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸೇ. ಅದನ್ನು ತೆಗೆಯದೆ, ಕಿಟಕಿ ತೆರೆಯದೆ ವೆಲ್ಡಿಂಗ್ ಮಾಡಲು ಬಿಡಬೇಡಿ.

ಇಟ್ಟುಕೊಳ್ಳಬೇಕೇ, ಬದಲಿಸಬೇಕೇ?

ನಟ್ ಸೋರಿದರೆ ರಿಪೇರಿ ಮಾಡಿಸಿ. ಕಾಯಿಲೇ ತೂತು ಬಿದ್ದು, ಮಷಿನ್‌ಗೆ ಹತ್ತು ವರ್ಷ ದಾಟಿದ್ದರೆ ನನ್ನ ಮಟ್ಟಿಗೆ ಹೊಸದೇ ವಾಸಿ. ಹೊಸದಕ್ಕೆ ತುಕ್ಕು ತಡೆಯುವ ಲೇಪನದ ಕಾಯಿಲ್ ಇದೆಯೇ ಅಂತ ಕೇಳಿ, ಸ್ಟಾರ್ ಎಣಿಸುವಷ್ಟೇ ಮುಖ್ಯ ಅದು.

ಹಳೆಯದನ್ನು ಬಿಚ್ಚುವಾಗ ಗ್ಯಾಸನ್ನು ಬುಸ್ ಅಂತ ಗಾಳಿಗೆ ಬಿಡಲು ಕೊಡಬೇಡಿ. ಕಂಪ್ರೆಸರ್ ಸರಿ ಇದ್ದರೆ ಸಣ್ಣ ಪೈಪಿನ ವಾಲ್ವ್ ಮುಚ್ಚಿ ಸ್ವಲ್ಪ ಹೊತ್ತು ಓಡಿಸಿದರೆ ಗ್ಯಾಸೆಲ್ಲ ಹೊರಗಿನ ಯೂನಿಟ್‌ಗೆ ಬಂದು ಸೇರುತ್ತದೆ. ಆಗ ದೊಡ್ಡ ವಾಲ್ವ್ ಮುಚ್ಚಿದರಾಯಿತು. ನಮ್ಮನೆಯದನ್ನು ಕಳೆದ ಸಲ ಹಾಗೇ ಇಳಿಸಿದರು. ಹೊಸ ಯೂನಿಟ್ ಸಮುದ್ರದ ಕಡೆಯ ಗೋಡೆಯಲ್ಲಿಲ್ಲ, ಹಿತ್ತಲಿನ ಬಾವಿಕಟ್ಟೆಯ ಕಡೆ ಇದೆ.