ಸಾದಾ ಹಾರ್ಡ್‌ಟೇಲ್ ಸೈಕಲ್ಲನ್ನು ಕಾಡುದಾರಿಗೆ ಸಜ್ಜು ಮಾಡುವುದು: ಮೊದಲು ಟೈರು, ಉಳಿದದ್ದು ಆಮೇಲೆ

ಹೊಸದಾಗಿ ಎಂಟಿಬಿ (ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್) ತಗೊಂಡವರು ಮೊದಲು ಕೇಳೋದು ಒಂದೇ ಪ್ರಶ್ನೆ. "ಗೇರ್ ಬದಲಾಯಿಸಲಾ, ಫೋರ್ಕ್ ಬದಲಾಯಿಸಲಾ?" (ಫೋರ್ಕ್ ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು.) ನನ್ನ ಉತ್ತರ ಯಾವಾಗಲೂ ಅದೇ: ಎರಡೂ ಈಗ ಬೇಡ. ಸೈಕಲ್ ನೆಲವನ್ನು ಮುಟ್ಟುವ ಜಾಗದಲ್ಲಿ, ನಿಮ್ಮ ಕೈಕಾಲು ಸೈಕಲ್ಲನ್ನು ಮುಟ್ಟುವ ಜಾಗದಲ್ಲಿ ಮೊದಲು ದುಡ್ಡು ಹಾಕಿ. ಅಂದರೆ ಟೈರು, ಬ್ರೇಕು, ಪೆಡಲು, ಗ್ರಿಪ್ಪು. ಮಿಕ್ಕಿದ್ದೆಲ್ಲ ಆಮೇಲೆ, ಅದೂ ಹಳೆಯದು ಸವೆದ ಮೇಲೆ.

ನಾನು ಹೇಳ್ತಿರೋದು ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಆರಂಭಿಕ ಮಟ್ಟದ ಹಾರ್ಡ್‌ಟೇಲ್ ಬಗ್ಗೆ. ಮುಂದೆ ಮೂರು ಗೇರು, ಸ್ಪ್ರಿಂಗ್ ಫೋರ್ಕು, ಕೇಬಲ್ ಎಳೆಯುವ ಡಿಸ್ಕ್ ಬ್ರೇಕು, 27.5 ಅಥವಾ 29 ಇಂಚಿನ ಚಕ್ರ, ಟ್ಯೂಬ್ ಹಾಕಿದ ತೆಳು ಟೈರು. ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಕನಕಪುರ ರಸ್ತೆ ಪಕ್ಕದ ತುರಹಳ್ಳಿ, ಯಲಹಂಕ ಕಡೆಯ ಆವಲಹಳ್ಳಿ ಕಾಡಿನ ದಾರಿಗಳಲ್ಲಿ ಕಾಣುವ ಸೈಕಲ್ಲುಗಳಲ್ಲಿ ಇಂಥವು ತುಂಬಾ. ಅಲ್ಲಿನ ನೆಲ ಹೇಗಿದೆ ಅಂತ ನೋಡಿದರೆ ಏನು ಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ. ಗಟ್ಟಿ ಮಣ್ಣಿನ ಮೇಲೆ ಉದುರು ಗರಸು, ಮಧ್ಯೆ ಮಧ್ಯೆ ಹಾಸುಬಂಡೆ, ಅದರ ಮೇಲೆ ಒಣಗಿದ ನೀಲಗಿರಿ ಎಲೆ, ಎಲ್ಲ ಕಡೆ ಮುಳ್ಳು. ಈ ನೆಲದಲ್ಲಿ ಬೀಳೋದು ಗೇರು ಕಡಿಮೆಯಾಗಿ ಅಲ್ಲ, ಮುಂದಿನ ಚಕ್ರ ಗರಸಿನಲ್ಲಿ ಜಾರಿ.

ಹಾಗಾಗಿ ಟೈರಿನಿಂದ ಶುರು ಮಾಡೋಣ. ಮೊದಲು ಫ್ರೇಮಿನಲ್ಲಿ ಜಾಗ ಎಷ್ಟಿದೆ ನೋಡಿ. ಹಿಂದಿನ ಚಕ್ರದ ಎರಡೂ ಬದಿಯಲ್ಲಿ, ಹೊಸ ಟೈರು ಹಾಕಿದ ಮೇಲೂ, 5-6 ಮಿ.ಮೀ. ಖಾಲಿ ಉಳಿಯಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಮಣ್ಣು ತುಂಬಿ ಚಕ್ರವೇ ತಿರುಗುವುದಿಲ್ಲ. ಜಾಗ ಇದ್ದರೆ 2.25ರಿಂದ 2.4 ಇಂಚು ಅಗಲದ ಟೈರು ಹಾಕಿ. ಮುಂದೆ ಗಟ್ಟಿಯಾಗಿ ಕಚ್ಚುವ ಟೈರು, ಹಿಂದೆ ಸ್ವಲ್ಪ ಹಗುರ, ಸಲೀಸಾಗಿ ಉರುಳುವ ಟೈರು. ಮುಂದೆ ಮ್ಯಾಕ್ಸಿಸ್ ಕಂಪನಿಯ ಮಿನಿಯನ್ ಡಿಎಚ್‌ಎಫ್, ಹಿಂದೆ ಅದೇ ಕಂಪನಿಯ ರೆಕಾನ್ ಹಾಕುವುದು ತುಂಬಾ ಜನ ಒಪ್ಪಿರುವ ಜೋಡಿ. ಎರಡಕ್ಕೂ ದುಡ್ಡು ಇಲ್ಲವಾ? ಮುಂದಿನದನ್ನು ಮಾತ್ರ ಹಾಕಿ. ಹಿಂದಿನ ಚಕ್ರ ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ಮೊಣಕೈ ನೆಲಕ್ಕೇ.

ಆಮೇಲೆ ಟ್ಯೂಬ್‌ಲೆಸ್. ನೆಗ್ಗಿಲು ಮುಳ್ಳು, ಜಾಲಿ ಮುಳ್ಳು ಇರುವ ನಮ್ಮ ಕಡೆ ಇದರಷ್ಟು ನೆಮ್ಮದಿ ಕೊಡುವ ಬದಲಾವಣೆ ಇನ್ನೊಂದಿಲ್ಲ ಅಂತ ಧೈರ್ಯವಾಗಿ ಹೇಳ್ತೇನೆ. ಆದರೆ ರಿಮ್ಮು, ಟೈರು ಎರಡೂ ಟ್ಯೂಬ್‌ಲೆಸ್‌ಗೆ ಮಾಡಿದವಾಗಿರಬೇಕು. ಸಾದಾ ರಿಮ್ಮಿಗೆ ಬಲವಂತವಾಗಿ ಮಾಡಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಸಾದಾ ರಿಮ್ಮು ಇದ್ದರೆ ವಾಲ್ವಿನ ಒಳಭಾಗ ಬಿಚ್ಚಲು ಬರುವ ಟ್ಯೂಬ್ ಹಾಕಿ, ಅದರೊಳಗೇ ಸೀಲೆಂಟ್ (ತೂತನ್ನು ಒಳಗಿನಿಂದ ಮುಚ್ಚುವ ದ್ರವ) ಹುಯ್ಯಿರಿ. ಸಣ್ಣ ಮುಳ್ಳಿಗೆ ಅದೂ ಚೆನ್ನಾಗಿ ಕೆಲಸ ಮಾಡುತ್ತದೆ.

ಮಾಡುವ ಕ್ರಮ ಹೀಗಿದೆ. ಟೈರು, ಟ್ಯೂಬು, ಹಳೆ ರಿಮ್ ಪಟ್ಟಿ ತೆಗೆದು, ರಿಮ್ಮನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಎಣ್ಣೆ ಜಿಡ್ಡು ಇದ್ದರೆ ರಿಮ್ಮಿನೊಳಗೆ ಅಂಟಿಸುವ ಟ್ಯೂಬ್‌ಲೆಸ್ ಟೇಪು ಹಿಡಿಯಲ್ಲ. ಟೇಪು ರಿಮ್ಮಿನ ಒಳ ಅಗಲಕ್ಕಿಂತ 2-4 ಮಿ.ಮೀ. ಅಗಲವಿರಲಿ, ಎರಡೂ ಅಂಚು ಗೋಡೆಯ ಬುಡಕ್ಕೆ ಹತ್ತಬೇಕು. ವಾಲ್ವ್ ತೂತಿನ ಎದುರು ಬದಿಯಿಂದ ಶುರು ಮಾಡಿ ಬಿಗಿಯಾಗಿ ಎಳೆಯುತ್ತಾ ಅಂಟಿಸಿ, ಕೊನೆಯಲ್ಲಿ ಒಂದು 10 ಸೆಂ.ಮೀ. ಮೇಲಿಂದ ಮೇಲೆ ಬರಲಿ. ಹೆಬ್ಬೆರಳಲ್ಲಿ ಒತ್ತುತ್ತಾ ಒಂದು ಸುತ್ತು ಬನ್ನಿ, ಕೆಳಗೆ ಗಾಳಿಗುಳ್ಳೆ ಉಳಿಯಬಾರದು. ವಾಲ್ವ್ ತೂತಿನ ಮೇಲಿನ ಟೇಪನ್ನು ಬ್ಲೇಡಿನಿಂದ ಕತ್ತರಿಸಬೇಡಿ, ಸೀಳು ಹಬ್ಬುತ್ತದೆ. ಚೂಪು ಮೊನೆಯಿಂದ ಚುಚ್ಚಿ. ಪುರುಸೊತ್ತಿದ್ದರೆ ಟೈರು, ಟ್ಯೂಬ್ ಹಾಕಿ ಗಾಳಿ ತುಂಬಿ ಒಂದು ರಾತ್ರಿ ಬಿಡಿ, ಟೇಪು ಚೆನ್ನಾಗಿ ಕೂರುತ್ತದೆ. ಬೆಳಿಗ್ಗೆ ಒಂದು ಬದಿ ಮಾತ್ರ ಬಿಚ್ಚಿ ಟ್ಯೂಬ್ ತೆಗೆಯಿರಿ, ಇನ್ನೊಂದು ಬದಿ ಕೂತಿದ್ದು ಕೂತೇ ಇರಲಿ. ಟ್ಯೂಬ್‌ಲೆಸ್ ವಾಲ್ವನ್ನು ತೂತಿನಲ್ಲಿ ತೂರಿಸಿ, ನಟ್ಟನ್ನು ಕೈಯಲ್ಲೇ ಬಿಗಿಮಾಡಿ, ಪಾನಾ ಬೇಡ.

ಟೈರನ್ನು ಪೂರ್ತಿ ರಿಮ್ಮಿಗೆ ಹಾಕಿ, ಅದರ ಅಂಚಿಗೆ ಸೋಪು ನೀರು ಹಚ್ಚಿ, ವಾಲ್ವಿನ ಒಳಭಾಗ ಬಿಚ್ಚಿ, ನಿಂತು ಹೊಡೆಯುವ ಪಂಪಿನಲ್ಲಿ ಜೋರಾಗಿ ಗಾಳಿ ಹೊಡೆಯಿರಿ. ಠಪ್ ಠಪ್ ಅಂತ ಸದ್ದು ಬಂದರೆ ಟೈರು ಕೂತಿತು ಅಂತ. ಬರದಿದ್ದರೆ ಕಂಪ್ರೆಸರ್ ಇರುವ ಕಡೆ ಹೋಗಿ, ಆದರೆ ಟೈರು ಮತ್ತು ರಿಮ್ಮಿನ ಮೇಲೆ ಬರೆದ ಗರಿಷ್ಠ ಒತ್ತಡ ಎಂದಿಗೂ ದಾಟಬೇಡಿ. ಕೂತ ಮೇಲೆ ಗಾಳಿ ಬಿಟ್ಟು, ವಾಲ್ವಿನ ಮೂಲಕ ಸೀಲೆಂಟ್ ಹಾಕಿ. 29 ಇಂಚಿನ 2.3 ಟೈರಿಗೆ 100ರಿಂದ 120 ಮಿ.ಲೀ. ಸಾಕು. ಒಳಭಾಗ ವಾಪಸ್ ಹಾಕಿ, ಗಾಳಿ ತುಂಬಿ, ಚಕ್ರವನ್ನು ಎಲ್ಲ ಕಡೆ ಅಲ್ಲಾಡಿಸಿ, ಬಕೆಟ್ ಮೇಲೆ ಒಂದು ಬದಿಗೆ ಸ್ವಲ್ಪ ಹೊತ್ತು, ಇನ್ನೊಂದು ಬದಿಗೆ ಸ್ವಲ್ಪ ಹೊತ್ತು ಮಲಗಿಸಿ. ಅಂಚಲ್ಲಿ ಬೆಳ್ಳನೆಯ ಗುಳ್ಳೆ ಎದ್ದು ನಿಂತುಹೋದರೆ ಅದು ಮುಚ್ಚಿಕೊಳ್ಳುತ್ತಿದೆ ಎಂದರ್ಥ. ನಮ್ಮ ಬಿಸಿಲಿಗೆ ಸೀಲೆಂಟ್ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ಹಾಕಿ. ಜೊತೆಗೆ ಒಂದು ಟ್ಯೂಬನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿ, ಬಂಡೆ ಅಂಚು ಟೈರಿನ ಪಕ್ಕ ಸೀಳಿದರೆ ಸೀಲೆಂಟ್ ಏನೂ ಮಾಡಲಾರದು.

ಇಷ್ಟೆಲ್ಲ ಮಾಡಿ ಪೆಟ್ರೋಲ್ ಬಂಕಲ್ಲಿ 50 ಪಿಎಸ್‌ಐ ಗಾಳಿ ತುಂಬಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಕಲ್ಲಂತಾದ ಟೈರು ಗರಸಿನ ಮೇಲೆ ಉರುಳುತ್ತದೆ, ಕಚ್ಚುವುದಿಲ್ಲ. 70 ಕೆಜಿ ತೂಕದವರು ಟ್ಯೂಬ್‌ಲೆಸ್‌ನಲ್ಲಿ ಮುಂದೆ 20-22, ಹಿಂದೆ 23-25 ಪಿಎಸ್‌ಐನಿಂದ ಶುರು ಮಾಡಬಹುದು. ಟ್ಯೂಬ್ ಇದ್ದರೆ 28-32. ನಿಮಗೆ ಗೊತ್ತಿರುವ ಒಂದೇ ಇಳಿಜಾರನ್ನು ಹಿಡಿದು, ಪ್ರತಿ ಸಲ 1-2 ಪಿಎಸ್‌ಐ ಇಳಿಸುತ್ತಾ ಓಡಿಸಿ. ತಿರುವಿನಲ್ಲಿ ಟೈರು ಒಂದು ಕಡೆ ವಾಲಿದಂತಾದರೆ, ಅಥವಾ ರಿಮ್ಮು ಕಲ್ಲಿಗೆ ಠಣ್ ಅಂತ ತಾಗಿದರೆ, 2 ಏರಿಸಿ. ಅದೇ ನಿಮ್ಮ ಲೆಕ್ಕ. ಒಂದು ಚಿಕ್ಕ ಡಿಜಿಟಲ್ ಗೇಜ್ ತಗೊಳ್ಳಿ, ಬೆರಳಲ್ಲಿ ಒತ್ತಿ ನೋಡಿದರೆ 20ಕ್ಕೂ 26ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಬ್ರೇಕಿಗೆ ಬರೋಣ. ಕೇಬಲ್ ಡಿಸ್ಕಿನಿಂದ ಹೈಡ್ರಾಲಿಕ್‌ಗೆ (ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕಿಗೆ) ಹೋದರೆ ಒಂದೇ ಬೆರಳಲ್ಲಿ ಹಿಡಿಯಬಹುದು, ಉಳಿದ ಬೆರಳೆಲ್ಲ ಹ್ಯಾಂಡಲ್ ಮೇಲೇ ಇರುತ್ತವೆ. ಉದ್ದನೆ ಇಳಿಜಾರಲ್ಲಿ ಕೈ ಸೋಲುವುದಿಲ್ಲ. ಶಿಮಾನೊ ಎಂಟಿ200 ಜೋಡಿ ಸಾಕಷ್ಟು ಒಳ್ಳೆಯದು. ಕೊಳ್ಳುವ ಮುಂಚೆ ಒಂದು ವಿಷಯ ನೋಡಿ: ಕಡಿಮೆ ಬೆಲೆಯ ಎಷ್ಟೋ ಸೈಕಲ್ಲುಗಳಲ್ಲಿ ಬ್ರೇಕ್ ಲಿವರ್, ಗೇರ್ ಶಿಫ್ಟರ್ ಒಂದೇ ತುಂಡಾಗಿರುತ್ತವೆ. ಹಾಗಿದ್ದರೆ ಶಿಫ್ಟರಿಗೂ ಬೇರೆ ದುಡ್ಡು ಬೇಕು. ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಬರೆದಿದ್ದರೆ ಮೆಟಲ್ ಪ್ಯಾಡ್ ಹಾಕಬೇಡಿ. ಶಿಮಾನೊಗೆ ಮಿನರಲ್ ಆಯಿಲ್ಲೇ ಹಾಕಬೇಕು, ಡಾಟ್ ಫ್ಲೂಯಿಡ್ (ಕಾರು, ಬೈಕಿನ ಬ್ರೇಕಿಗೆ ಹಾಕುವ ದ್ರವ) ಹಾಕಿದರೆ ಒಳಗಿನ ರಬ್ಬರ್ ಹಾಳಾಗುತ್ತದೆ. ಹೊಸ ಪ್ಯಾಡನ್ನು ಪಳಗಿಸದೆ ಇಳಿಜಾರಿಗೆ ಹೋಗಬೇಡಿ. ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ ಬಂದು, ಚಕ್ರ ಲಾಕ್ ಆಗದ ಹಾಗೆ ಗಟ್ಟಿಯಾಗಿ ಹಿಡಿದು, ನಡೆಯುವ ವೇಗಕ್ಕೆ ಇಳಿಸಿ, ಬಿಡಿ. ಒಂದೊಂದು ಬ್ರೇಕಿಗೂ ಸುಮಾರು 20 ಸಲ. ಮೊದಮೊದಲು ಹಿಡಿಯುವುದೇ ಇಲ್ಲ ಅನಿಸುತ್ತದೆ, ಆಮೇಲೆ ಬಲ ಬರೋದು ಕೈಗೇ ತಿಳಿಯುತ್ತದೆ.

ಪೆಡಲಿಗೆ ಸಣ್ಣ ಖರ್ಚು, ದೊಡ್ಡ ಲಾಭ. ಮೊಳೆಯಂಥ ಪಿನ್ನು ಇರುವ ಅಗಲದ ಫ್ಲಾಟ್ ಪೆಡಲ್, ಅಡಿ ಸಪಾಟಾದ ರಬ್ಬರ್ ಶೂ. ಎಡಗಡೆ ಪೆಡಲಿನ ತಿರುಪು ಉಲ್ಟಾ, ಬಿಚ್ಚುವಾಗ ನೆನಪಿರಲಿ. ಮೊಣಕಾಲಿಗೆ ಪ್ಯಾಡ್ ಹಾಕಿಕೊಳ್ಳಿ, ಪಿನ್ನು ಮೊಣಕಾಲಿನ ಕೆಳಗೆ ಬಡಿದರೆ ಚೆನ್ನಾಗೇ ಕೊರೆಯುತ್ತದೆ ಅಂತ ಉದ್ದನೆ ಸಾಕ್ಸನ್ನೂ ಹಾಕುವವರಿದ್ದಾರೆ. ಹೆಲ್ಮೆಟ್ ತಲೆಯ ಹಿಂಭಾಗವನ್ನೂ ಮುಚ್ಚಬೇಕು, ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ನೋಡೋಕೆ ಸರಿಯಿದ್ದರೂ ಬದಲಾಯಿಸಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಲಂಟಾನದ ಕೊಂಬೆ ಮುಖದ ಎತ್ತರಕ್ಕೇ ಇರುತ್ತದೆ.

ಫೋರ್ಕ್ ಬಗ್ಗೆ ಆಸೆ ಇರೋದು ಸಹಜ. ಆದರೆ ಈಗಿನ ಗಾಳಿ ಫೋರ್ಕುಗಳಲ್ಲಿ (ಸ್ಪ್ರಿಂಗಿನ ಬದಲು ಗಾಳಿ ತುಂಬಿದವು) ಹೆಚ್ಚಿನವಕ್ಕೆ ಕೆಳಗೆ ಒಂದೂವರೆ ಇಂಚಿಗೆ ದಪ್ಪವಾಗುವ ಸ್ಟಿಯರರ್ (ಫ್ರೇಮಿನೊಳಗೆ ಹೋಗುವ ಕೊಳವೆ), 15 ಮಿ.ಮೀ. ಆಕ್ಸಲ್ ಇರುತ್ತದೆ. ನಿಮ್ಮ ಹಳೆ ಫ್ರೇಮು ನೇರ ಸ್ಟಿಯರರಿಗೆ, ಚಕ್ರ 9 ಮಿ.ಮೀ. ಕ್ವಿಕ್ ರಿಲೀಸಿಗೆ (ಹಿಡಿ ತಿರುಗಿಸಿ ಬಿಚ್ಚುವ ಆಕ್ಸಲ್) ಮಾಡಿದ್ದಾದರೆ ಫೋರ್ಕಿನ ಜೊತೆ ಮುಂದಿನ ಹಬ್ (ಚಕ್ರದ ನಡುವಿನ ಗುಂಬ) ಕೂಡ ಬದಲಾಗಬೇಕು, ಕೆಲವು ಫ್ರೇಮಿಗೆ ಕೂರುವುದೇ ಇಲ್ಲ. ಖರ್ಚು ಸೈಕಲ್ಲಿನ ಅರ್ಧ ಬೆಲೆ ಮುಟ್ಟಿದರೆ ಆ ದುಡ್ಡನ್ನು ಮುಂದಿನ ಸೈಕಲ್ಲಿಗೆ ಕೂಡಿಡಿ. ಗಾಳಿ ಫೋರ್ಕ್ ಆಗಲೇ ಇದ್ದರೆ ಸ್ಯಾಗ್ ಸರಿಮಾಡಿ: ಸಾಮಾನು ಸಮೇತ ಹತ್ತಿ ನಿಂತಾಗ 100 ಮಿ.ಮೀ. ಫೋರ್ಕ್ 20-25 ಮಿ.ಮೀ. ಕುಗ್ಗಬೇಕು.

ಗೇರೂ ಹಾಗೇ. ಚೈನಿನ ಸವೆತ ನೋಡುವ ಅಳತೆಪಟ್ಟಿ 0.75 ತೋರಿಸುವವರೆಗೆ, ಹಿಂದೆ 11-12 ಹಲ್ಲುಚಕ್ರ (ಸ್ಪೀಡ್) ಇದ್ದರೆ 0.5 ತೋರಿಸುವವರೆಗೆ ಹಳೆಯದನ್ನೇ ಓಡಿಸಿ. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 11ರಿಂದ 51 ಹಲ್ಲಿನ ಕ್ಯಾಸೆಟ್ (ಹಲ್ಲುಚಕ್ರಗಳ ಗುಚ್ಛ) ಆಸೆಯಿದ್ದರೆ ಹಿಂದಿನ ಹಬ್ ನೋಡಿ. ತಿರುಪಿನಂತೆ ತಿರುಗಿಸಿ ಕೂರಿಸುವ ಫ್ರೀವೀಲ್ ಆಗಿದ್ದರೆ ಕ್ಯಾಸೆಟ್ ಹತ್ತುವುದಿಲ್ಲ, ಹಬ್ ಅಥವಾ ಚಕ್ರವನ್ನೇ ಬದಲಾಯಿಸಬೇಕು.

ಇನ್ನು ಓಡಿಸುವ ವಿಷಯ. ಇಳಿಜಾರಿಗೆ ಮುಂಚೆ ಸೀಟು ಇಳಿಸಿ. ಇದಕ್ಕೆ ಡ್ರಾಪರ್ ಪೋಸ್ಟ್ (ಓಡಿಸುತ್ತಲೇ ಸೀಟು ಇಳಿಸಬಹುದಾದ ಕಂಬ) ಬೇಕೇ ಬೇಕು ಅಂತಿಲ್ಲ, ಕ್ಲಾಂಪ್ ಬಿಚ್ಚಿ ಕೈಯಲ್ಲೇ ಇಳಿಸಬಹುದು. ಎದ್ದು ನಿಲ್ಲಿ, ಎರಡು ಪೆಡಲೂ ಸಮವಾಗಿರಲಿ, ಹಿಮ್ಮಡಿ ಕೆಳಗೆ, ಮೊಣಕೈ ಹೊರಗೆ. ಬ್ರೇಕ್ ತಿರುವಿಗೆ ಮುಂಚೆಯೇ ಹಿಡಿದು ಮುಗಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಗರಸಿನ ಮೇಲೆ ಬಾಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರಿಯೇ ಜಾರುತ್ತದೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ದಾರಿ ಎಲ್ಲಿ ಮುಗಿಯುತ್ತದೋ ಅಲ್ಲಿರಲಿ. ಒಣ ಹಾಸುಬಂಡೆ ಅದ್ಭುತವಾಗಿ ಹಿಡಿಯುತ್ತದೆ, ಕಡಿದಾಗಿ ಕಂಡರೂ ಹೆದರಬೇಕಿಲ್ಲ. ಆದರೆ ಅದೇ ಬಂಡೆ ಪಾಚಿ ಕಟ್ಟಿ ನೆನೆದಿದ್ದರೆ ಇಳಿದು ನಡೆಯಿರಿ. ಹೊಸ ಜಾಗವಾದರೆ ಮೊದಲು ಕಾಲ್ನಡಿಗೆಯಲ್ಲಿ ನೋಡಿಕೊಂಡು ಬನ್ನಿ, ಬಂಡೆಯಾಚೆ ಏನಿದೆ ಅಂತ ಮೇಲಿಂದ ಕಾಣಿಸುವುದಿಲ್ಲ.

ಕಾಡಿನ ದಾರಿಗೆ ಪ್ರವೇಶ ಇದೆಯಾ ಅಂತ ಹೋಗುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ, ಗೇಟು ಮುಚ್ಚಿದ್ದರೆ ಬೇಲಿ ಹಾರಬೇಡಿ. ನಾವು ಹಾಗೆ ಮಾಡಿದರೆ ಎಲ್ಲ ಸೈಕಲ್ಲುಗಳಿಗೂ ದಾರಿ ಮುಚ್ಚಿಹೋಗುತ್ತದೆ. ತುರಹಳ್ಳಿ ಕಡೆ ಚಿರತೆ ಕಾಣಿಸಿಕೊಂಡದ್ದೂ ಇದೆ, ಬೆಳಕು ಹರಿಯುವ ಮುಂಚೆ ಒಬ್ಬರೇ ಒಳಗೆ ಹೋಗೋದು ಬೇಡ. ಸಕಲೇಶಪುರ, ಕೊಡಗಿನ ಕಡೆ ತೋಟದ ದಾರಿಗಳಿಗೆ ಮಾಲೀಕರ ಒಪ್ಪಿಗೆ ತಗೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಇಂಬಳ ಕಾಲಿಗೆ ಹತ್ತುತ್ತವೆ, ಹೊಗೆಸೊಪ್ಪು ನೆನೆಸಿದ ನೀರನ್ನು ಸಾಕ್ಸಿಗೆ ಹಚ್ಚುವುದು ಊರವರ ಉಪಾಯ.

ಬ್ಯಾಗಿನಲ್ಲಿ ಅಲನ್ ಕೀ ಇರುವ ಮಲ್ಟಿಟೂಲ್, ಟೈರ್ ಲಿವರ್, ಟೈರಿನ ತೂತಿಗೆ ತುರುಕುವ ಪ್ಲಗ್, ಟ್ಯೂಬು, ಚಿಕ್ಕ ಪಂಪು, ನಿಮ್ಮ ಚೈನಿನ ಸ್ಪೀಡಿಗೆ ಹೊಂದುವ ಕ್ವಿಕ್ ಲಿಂಕ್ (ತುಂಡಾದ ಚೈನನ್ನು ಸೇರಿಸುವ ಕೊಂಡಿ), ನೀರು. ವಾಪಸ್ ಬಂದ ಮೇಲೆ ಸರ್ವಿಸ್ ಸ್ಟೇಷನ್ನಿನ ಜೋರು ನೀರಿನ ಪೈಪನ್ನು ಹಬ್ಬಿಗೂ ಪೆಡಲ್ ಬುಡಕ್ಕೂ ಹಿಡಿಸಬೇಡಿ, ಬೇರಿಂಗಿನ ಗ್ರೀಸ್ ತೊಳೆದುಹೋಗುತ್ತದೆ. ಬಕೆಟ್, ಬ್ರಷ್ಷು ಸಾಕು. ಚೈನನ್ನು ಒರೆಸಿ, ಒಣಗಿಸಿ, ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಮೇಲಿನದನ್ನು ಒರೆಸಿಬಿಡಿ. ಸ್ಪ್ರೇ ಎಣ್ಣೆ ಬಳಸಿದರೆ ಡಿಸ್ಕ್‌ಗೆ ಬಟ್ಟೆ ಮುಚ್ಚಿ, ಎಣ್ಣೆ ಕುಡಿದ ಪ್ಯಾಡನ್ನು ಸಾಮಾನ್ಯವಾಗಿ ಎಸೆಯಲೇಬೇಕಾಗುತ್ತದೆ.